ಒಂದು ದಿನ ತಡವಾದ ಕುಸ್ತಿ

ನಮ್ಮಪ್ಪ ಪರದೇಶಕ್ಕೆ ಹೋದದ್ದು ಎರಡೇ ಸಲ. ಎರಡೂ ಸಲ ಕುಸ್ತಿಗಾಗಿ, ಎರಡೂ ಸಲ ತುಂಗಭದ್ರೆ ದಾಟಿ ಸಿರುಗುಪ್ಪಕ್ಕೆ. ಈಗಿನವರು ಇದನ್ನು ಕೇಳಿ ನಗುತ್ತಾರೆ. ಆದರೆ ಆಗ ನಾವು ನಿಜಾಮರ ಪ್ರಜೆಗಳು, ಆಚೆ ದಂಡೆ ಇಂಗ್ರೇಜರದು. ಅಲ್ಲಿ ನಾಣ್ಯ ಬೇರೆ, ಕಚೇರಿಯ ಭಾಷೆ ಬೇರೆ, ತಾರೀಕೂ ಬೇರೆ. ನಮಗೆ ಶುಕ್ರವಾರ ರಜೆ, ಅವರಿಗೆ ಐತವಾರ. ನಡುವೆ ಕರೋಡಗಿರಿ ನಾಕಾ, ಅಂದರೆ ಸುಂಕದ ಕಟ್ಟೆ. ಅಷ್ಟೆಲ್ಲ ಇದ್ದ ಮೇಲೆ ಅದು ಪರದೇಶ ಅಲ್ಲದೆ ಮತ್ತೇನು?

ಮೊದಲ ಸಲ ಹೋದಾಗ ಅಪ್ಪ ಹರೆಯದ ಪೈಲ್ವಾನ. ಅಲ್ಲಿಯ ಒಬ್ಬ ಪೈಲ್ವಾನನ ಜೊತೆ ಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗೆ ಕಾದಾಡಿ, ಯಾರ ಬೆನ್ನೂ ಮಣ್ಣಿಗೆ ಹತ್ತದೆ, ಕೊನೆಗೆ ಪಂಚರು ಇಬ್ಬರ ಕೈಯನ್ನೂ ಮೇಲೆತ್ತಿ ಬರಾಬರಿ ಎಂದರಂತೆ. ಈ ಕಥೆಯನ್ನು ನಾನು ಕೇಳಿದ್ದು ನೂರು ಸಲವಾದರೂ ಇದ್ದೀತು. ನೋಡಿದ್ದು ಮಾತ್ರ ಏನೂ ಇಲ್ಲ. ನಾನು ಹುಟ್ಟಿದ ವರ್ಷ ಅವ್ವ, ಇನ್ನು ಕಣಕ್ಕೆ ಇಳಿಯಬಾರದೆಂದು ಕೂಸಿನ ತಲೆಯ ಮೇಲೆ ಕೈ ಇಡಿಸಿ ಆಣೆ ಮಾಡಿಸಿದಳು. ಅಪ್ಪ ಇಳಿಯಲಿಲ್ಲ. ಮಸ್ಕಿಯ ತನ್ನ ಗರಡಿಯಲ್ಲಿ ವಸ್ತಾದನಾಗಿ ಕಣದ ಅಂಚಿನಲ್ಲಿ ಕುಳಿತು ಊರವರ ಮಕ್ಕಳನ್ನು ತಯಾರು ಮಾಡಿದ. ಸ್ವಂತ ಮಗನಾದ ನಾನು ಕಡ್ಡಿ ಪೈಲ್ವಾನ. ಎರಡು ದಂಡ ಹೊಡೆದರೆ ಉಬ್ಬಸ ಬರುತ್ತಿತ್ತು. ಉರ್ದು ಮದರಸೆಗೆ ಹೋಗಿ, ಲಿಂಗಸುಗೂರು ತಹಸೀಲ ಕಚೇರಿಯಲ್ಲಿ ಗುಮಾಸ್ತನಾದೆ. ಅಪ್ಪನಿಗೆ ಅದರ ಬಗ್ಗೆ ಹೆಮ್ಮೆ ಇತ್ತು, ಒಳಗೊಳಗೇ ಸ್ವಲ್ಪ ಬೇಸರವೂ ಇತ್ತು. ಎರಡೂ ನನಗೆ ಗೊತ್ತಿತ್ತು.

ಅಪ್ಪನಿಗೆ ಅರವತ್ತು ದಾಟಿ ಮೊಣಕಾಲು ಕೈಕೊಡುತ್ತಿದ್ದ ಕಾಲಕ್ಕೆ ಆಚೆ ದಂಡೆಯಿಂದ ಒಂದು ಚೀಟಿ ಬಂತು. ಬರೆಸಿ ಕಳಿಸಿದ್ದು ಅಪ್ಪನ ಜೊತೆ ಬರಾಬರಿ ಆಡಿದ ಅದೇ ಹಳೆಯ ಜೋಡಿ. ಅವನು ಹೊಸ ಗರಡಿ ಕಟ್ಟಿದ್ದ. ಅದರ ಮೊದಲ ಕುಸ್ತಿಗೆ ಅಪ್ಪ ಬರಬೇಕು, ಬರುವಾಗ ತನ್ನ ಗರಡಿಯ ಮಣ್ಣು ತರಬೇಕು ಎಂದು ಕೇಳಿದ್ದ. ಹೊಸ ಕಣಕ್ಕೆ ಹಳೆಯ ಕಣಗಳ ಮಣ್ಣು ಬೆರೆಸುವುದು ಗರಡಿಯವರ ಪದ್ಧತಿ. ಬೇಕೆಂದು ಕೇಳಿದರೆ ಅದು ದೊಡ್ಡ ಮರ್ಯಾದೆ.

ಅಪ್ಪ ಚೀಟಿಯನ್ನು ನನ್ನಿಂದ ಮೂರು ಸಲ ಓದಿಸಿದ. ಆಮೇಲೆ, "ಸಾಯೂದ್ರೊಳಗ ಇನ್ನೊಂದು ಸಲ ಆ ದಂಡಿ ಮ್ಯಾಲ ಕುಸ್ತಿ ನೋಡಬೇಕು ನೋಡಪಾ. ಮುಂದಿನ ವರ್ಷ ಈ ಮೊಣಕಾಲು ಬಂಡಿ ಹತ್ತಾಕ ಬಿಡಂಗಿಲ್ಲ" ಎಂದ. ಅಪ್ಪ ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಕರೆದುಕೊಂಡು ಹೋಗುತ್ತೇನೆ ಎಂದೆ.

ಚೀಟಿಯಲ್ಲಿದ್ದದ್ದು ಇಂಗ್ಲಿಷ್ ತಾರೀಕು. ನಮ್ಮ ಕಚೇರಿಯಲ್ಲಿ ಎಲ್ಲವೂ ನಿಜಾಮರ ಫಸಲಿ ವರ್ಷದ ಲೆಕ್ಕ. ತಿಂಗಳ ಹೆಸರುಗಳೂ ಅಜೂರ್, ದೈ, ಬಹಮನ್ ಎಂದು. ಅದನ್ನು ಇದಕ್ಕೆ, ಇದನ್ನು ಅದಕ್ಕೆ ಹೊಂದಿಸುವುದೇ ನನ್ನ ನೌಕರಿ. ಎರಡೂ ತಾರೀಕು ಅಕ್ಕಪಕ್ಕ ಅಚ್ಚಾದ ಜಂತ್ರಿ ತೆಗೆದು ನೋಡುವ ಅಗತ್ಯವೂ ನನಗೆ ಕಾಣಲಿಲ್ಲ. ಬೆರಳ ಮೇಲೆ ಎಣಿಸಿ ಸೋಮವಾರ ಎಂದೆ. ಅಪ್ಪ ತಲೆ ಕೆರೆದುಕೊಂಡು, ಆ ಕಡೆಯವರು ಕುಸ್ತಿ ಇಡುವುದು ಸಾಮಾನ್ಯವಾಗಿ ಐತವಾರವಲ್ಲವೇ, ಅವತ್ತಲ್ಲವೇ ಅವರಿಗೆ ಬಿಡುವು ಎಂದು ಮೆಲ್ಲಗೆ ಕೇಳಿದ. ನನಗೆ ಸಿಟ್ಟು ಬಂತು. ಇಡೀ ತಾಲೂಕಿನ ತಾರೀಕು ನಾನು ನೋಡಿಕೊಳ್ಳುತ್ತೇನೆ, ಒಂದು ಕುಸ್ತಿಯ ತಾರೀಕು ಗೊತ್ತಾಗುವುದಿಲ್ಲವೇ ಎಂದು ದಬಾಯಿಸಿದೆ. "ಆತು ಬಿಡಪಾ, ನೀ ಓದಿದಾವ" ಎಂದ ಅಪ್ಪ. ಆ ಮಾತನ್ನು ಅವನು ವ್ಯಂಗ್ಯಕ್ಕೆ ಆಡಿದ್ದಲ್ಲ. ಅದಕ್ಕೇ ಇವತ್ತಿಗೂ ಅದು ನೆನಪಾದರೆ ಮೈ ಮುದುಡುತ್ತದೆ.

ಶನಿವಾರ ನಸುಕಿನಲ್ಲಿ ಬಂಡಿ ಕಟ್ಟಿದೆವು. ಅವ್ವ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಟ್ಟು, ಪರದೇಶದ ನೀರು ಹೆಚ್ಚು ಕುಡಿಯಬೇಡಿ ಎಂದಳು. ಕುಡಿಯುವುದು ಅದೇ ಹೊಳೆಯ ನೀರೇ ಎಂದು ಹೇಳಿದರೂ ಅವಳಿಗೆ ಸಮಾಧಾನವಿಲ್ಲ. ಅಪ್ಪ ಕಣದ ನಡುವಿನಿಂದ ಎರಡು ಬೊಗಸೆ ಮಣ್ಣು ತೆಗೆದು, ಹಳೆಯ ರುಮಾಲಿನಲ್ಲಿ ಗಂಟು ಕಟ್ಟಿ ತೊಡೆಯ ಮೇಲೆ ಇಟ್ಟುಕೊಂಡ. ಅರಿಸಿನ, ಎಣ್ಣೆ, ಮಜ್ಜಿಗೆ, ನಿಂಬೆಹುಳಿ ಕುಡಿದ ಮಣ್ಣು ಅದು. ದಾರಿಯುದ್ದಕ್ಕೂ ಬಂಡಿಯಲ್ಲಿ ಅದರದೇ ವಾಸನೆ.

ಸಿಂಧನೂರಿನಲ್ಲಿ ನಮ್ಮ ಸೋದರತ್ತೆಯ ಮನೆಯಲ್ಲಿ ಆ ರಾತ್ರಿ ಕಳೆದು, ಮರುದಿನ ಹೊಳೆಯ ಕಡೆ ಹೊರಟೆವು. ಎರಡೂ ಕಡೆ ಎರೆಹೊಲ, ಕೊಯ್ಯುವುದಕ್ಕೆ ಬಂದ ಬಿಳಿಜೋಳ. ಅಪ್ಪ ಖುಷಿಯಲ್ಲಿದ್ದ. ನನ್ನ ತೋಳು ಹಿಡಿದು ಒಂದೊಂದೇ ಪಟ್ಟು ಹೇಗೆ ಹಾಕಬೇಕೆಂದು ತೋರಿಸಿದ. ಮಗ ಕಲಿಯಬೇಕಾದ ವಯಸ್ಸು ದಾಟಿ ಇಪ್ಪತ್ತು ವರ್ಷವಾಗಿತ್ತು. ಆದರೂ ನಾನು ತೋಳು ಬಿಡಿಸಿಕೊಳ್ಳಲಿಲ್ಲ.

ಐತವಾರ ಸಂಜೆ ಹೊಳೆದಂಡೆ ಮುಟ್ಟಿದೆವು. ಆಚೆಯಿಂದ ಹರಿಗೋಲು ತುಂಬ ಜನ ಬರುತ್ತಿದ್ದರು. ಅಲ್ಲಿ ಸಂತೆ ಇರಬೇಕು ಎಂದೆ. ಅಪ್ಪ ಅವರನ್ನೇ ನೋಡುತ್ತ ನಿಂತ. ಆಮೇಲೆ, ಮಣ್ಣಿನ ಗಂಟಿನ ವಿಷಯ ನಾಕಾದವರಿಗೆ ಇವತ್ತೇ ಹೇಳಿ ಬರುತ್ತೇನೆ, ಬೆಳಿಗ್ಗೆ ತಕರಾರು ಬೇಡ ಎಂದು ಒಬ್ಬನೇ ಕುಂಟುತ್ತ ಹೋದ. ನಾನು ಎತ್ತು ಬಿಚ್ಚಿ ಮೇವು ಹಾಕಿದೆ. ತಿರುಗಿ ಬಂದವನು ಹೆಚ್ಚು ಮಾತಾಡಲಿಲ್ಲ. ದಣಿದಿದ್ದಾನೆ ಅಂದುಕೊಂಡೆ.

ಬೆಳಿಗ್ಗೆ ನಾಕಾದವನು ಗಂಟು ಬಿಚ್ಚಿದಾಗ, ಮಣ್ಣಿಗೆ ಯಾವ ಕಾನೂನಿನಲ್ಲೂ ಸುಂಕವಿಲ್ಲ ಎಂದು ಉರ್ದುವಿನಲ್ಲಿ ವಾದಿಸಲು ನಾನು ಸಜ್ಜಾಗಿ ನಿಂತಿದ್ದೆ. ಅವನು ನನ್ನ ಕಡೆ ನೋಡಲೇ ಇಲ್ಲ. ಚಿಟಿಕೆ ಮಣ್ಣು ತೆಗೆದು ಮೂಸಿ, ಹಣೆಗೆ ಹಚ್ಚಿಕೊಂಡ. "ಆದ್ರೂ ಹೊಂಟೀರೇನು?" ಎಂದು ಅಪ್ಪನನ್ನು ಕೇಳಿದ. ಈ ವಯಸ್ಸಿನಲ್ಲಿ ಎಂದು ಕೇಳುತ್ತಿದ್ದಾನೆ ಅಂದುಕೊಂಡೆ. ಅಪ್ಪ ಹೂಂ ಎಂದು ತಲೆ ಆಡಿಸಿ ಹರಿಗೋಲು ಹತ್ತಿದ.

ಆಚೆ ಬಾಡಿಗೆ ಬಂಡಿ ಹಿಡಿದು ಸಿರುಗುಪ್ಪದ ಗರಡಿ ತಲುಪಿದಾಗ ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ. ಗದ್ದಲ ಕೇಳಿಸೀತು ಅಂದುಕೊಂಡಿದ್ದೆ, ಹಲಗೆ ಬಡಿಯುವ ಸದ್ದೂ ಇಲ್ಲ. ಕಣದ ಸುತ್ತ ಹಾಕಿದ್ದ ಬಿದಿರು ಗಳಗಳನ್ನು ಇಬ್ಬರು ಬಿಚ್ಚುತ್ತಿದ್ದರು. ನೆಲದ ತುಂಬ ಶೇಂಗಾ ಸಿಪ್ಪೆ. ಕಣದಲ್ಲಿ ಒಬ್ಬ ಮುದುಕ ಬಗ್ಗಿ ಸಲಿಕೆಯಿಂದ ಮಣ್ಣು ತಿರುವುತ್ತಿದ್ದ. ತಲೆ ಎತ್ತಿ ಅಪ್ಪನನ್ನು ಕಂಡು ಸಲಿಕೆ ಬಿಟ್ಟ.

"ನಿನ್ನೆ ಬರಬೇಕಿತ್ತಲ್ಲೋ ದೋಸ್ತಾ. ನಿನ್ನ ಮಣ್ಣು ಬರ್ತೈತಿ ಅಂತ ಮಧ್ಯಾಹ್ನದ ತನಕ ಕುಸ್ತಿ ಹಚ್ಚಿರಲಿಲ್ಲ."

ಬೆರಳುಗಳನ್ನು ಮತ್ತೆ ಮಡಚಿ ಎಣಿಸಿದೆ. ಹಿಂದಿನ ತಿಂಗಳಿಗೆ ಒಂದು ದಿನ ಜಾಸ್ತಿ ಹಿಡಿದಿದ್ದೆ. ದಿನಾ ಊರವರ ಅರ್ಜಿಗಳಲ್ಲಿ ತಾರೀಕು ತಪ್ಪಿದೆಯೆಂದು ಕೆಂಪು ಶಾಯಿ ಎಳೆಯುವವನು ನಾನು. ಅಪ್ಪನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ನನ್ನ ತಪ್ಪು ಎಂದು ಬಾಯಿ ತೆರೆಯುವಷ್ಟರಲ್ಲಿ ಅಪ್ಪನೇ ಮಾತಾಡಿದ.

"ಎತ್ತು ಕುಂಟಿತೋ ಮಾರಾಯ. ಏನ್ ಮಾಡೂದು?"

ನಮ್ಮ ಎತ್ತು ಆಚೆ ದಂಡೆಯಲ್ಲಿ ನಾಲ್ಕೂ ಕಾಲು ನೆಟ್ಟಗಿಟ್ಟುಕೊಂಡು ಮೇವು ಮೆಲ್ಲುತ್ತಿತ್ತು.

ಅಪ್ಪ ಗಂಟು ಬಿಚ್ಚಿ ಮಣ್ಣನ್ನು ಕಣದ ನಡುವೆ ಸುರಿದ. ಇಬ್ಬರೂ ಮೊಣಕಾಲೂರಿ ಕೈಯಿಂದ ಅದನ್ನು ಬೆರೆಸಿದರು. ಬೆರೆಸುತ್ತ ಬೆರೆಸುತ್ತ ಹಳೆಯ ಬರಾಬರಿಯ ಮಾತು ಬಂತು. ಅವತ್ತು ಇನ್ನೊಂದು ಗಳಿಗೆ ಹೊತ್ತು ಇದ್ದಿದ್ದರೆ ನಿನ್ನನ್ನು ಕೆಡವುತ್ತಿದ್ದೆ ಎಂದು ಆತ, ಕನಸಿನಲ್ಲಿ ಎಂದು ಅಪ್ಪ. ಮಾತಿಗೆ ಮಾತು ಬೆಳೆಯಿತು. ಅಪ್ಪ ಎದ್ದು ಅಂಗಿ ಕಳಚಿ ನನ್ನ ಕೈಗೆ ಕೊಟ್ಟ. ಧೋತರ ಎತ್ತಿ ಕಚ್ಚೆ ಬಿಗಿದ. ನಾನು ಮೊಣಕಾಲಿನ ನೆನಪು ಮಾಡಿದೆ, ಅವ್ವನ ಆಣೆಯ ನೆನಪೂ ಮಾಡಿದೆ. ಆಣೆ ಮಾಡಿದ್ದು ನಿಜಾಮರ ಮುಲ್ಕಿನಲ್ಲಿ, ಇದು ಇಂಗ್ರೇಜರದು ಎಂದು ಅಪ್ಪ ನನಗೇ ಕಾನೂನು ಹೇಳಿದ.

ಅವನು ತೊಡೆ ತಟ್ಟಿದ ಸದ್ದಿಗೆ ಗಳ ಬಿಚ್ಚುವವರು ಕೆಲಸ ಬಿಟ್ಟು ತಿರುಗಿದರು. ಮನೆಯಲ್ಲಿ ಗೋಡೆ ಹಿಡಿದು ಏಳುವ ಮನುಷ್ಯ ಕಣದಲ್ಲಿ ಬೇರೆಯೇ ಆಗಿದ್ದ. ಬೆನ್ನು ಬಾಗಿಸಿ, ಕೈ ಮುಂದೆ ಚಾಚಿ, ಕಣ್ಣು ಎದುರಾಳಿಯ ಎದೆಯ ಮೇಲೆ ನೆಟ್ಟು ಸುತ್ತಿದ. ಇಬ್ಬರೂ ಒಬ್ಬರ ಕುತ್ತಿಗೆಗೆ ಇನ್ನೊಬ್ಬರು ಕೈ ಹಾಕಿದರು. ಆತ ಎಳೆದ, ಅಪ್ಪ ಬಿಟ್ಟುಕೊಟ್ಟಂತೆ ಮಾಡಿ ಪಕ್ಕಕ್ಕೆ ಸರಿದು ಸೊಂಟ ಹಿಡಿದ. ನಿನ್ನೆ ಬಂಡಿಯಲ್ಲಿ ನನ್ನ ತೋಳಿನ ಮೇಲೆ ತೋರಿಸಿದ ಅದೇ ಪಟ್ಟು. "ಬಿಡಬ್ಯಾಡ ಯಪ್ಪಾ" ಎಂದು ಕೂಗಿದವನು ನಾನೇ ಎಂದು ಗೊತ್ತಾಗಲು ನನಗೆ ಒಂದು ಕ್ಷಣ ಬೇಕಾಯಿತು. ಕೈಯಲ್ಲಿದ್ದ ಅಂಗಿಯನ್ನು ಮುದ್ದೆ ಮಾಡಿ ಹಿಂಡುತ್ತಿದ್ದೆ. ಎಷ್ಟು ಚೆಂದ ಆಡುತ್ತಿದ್ದ ನಮ್ಮಪ್ಪ. ನೂರು ಸಲ ಕೇಳಿಯೂ ನಾನು ಆ ಕಥೆಯನ್ನು ಪೂರಾ ನಂಬಿರಲಿಲ್ಲ ಎಂದು ನನಗೆ ಆಗ ತಿಳಿಯಿತು.

ಹೆಚ್ಚು ಹೊತ್ತು ನಡೆಯಲಿಲ್ಲ. ಮೊಣಕಾಲು ಮಡಚಿತು, ಇಬ್ಬರೂ ಒಟ್ಟಿಗೇ ಉರುಳಿದರು. ಏಳಲಾಗದೆ ಅಲ್ಲೇ ಬಿದ್ದು, ಏದುಸಿರು ಬಿಡುತ್ತ ನಕ್ಕರು. ಯಾರು ಗೆದ್ದರೆಂದು ಆತ ನನ್ನನ್ನು ಕೇಳಿದ. ಮೊದಲು ಮಣ್ಣಿಗೆ ಹತ್ತಿದ್ದು ಅಪ್ಪನ ಬೆನ್ನು, ನಾನು ಕಣ್ಣಾರೆ ಕಂಡಿದ್ದೆ. ಬರಾಬರಿ ಎಂದೆ. ಅಪ್ಪ ಮಲಗಿದಲ್ಲಿಂದಲೇ, "ಇವನ ಲೆಕ್ಕ ಯಾವಾಗಲೂ ಹಿಂಗ" ಎಂದು ಇನ್ನೂ ಜೋರಾಗಿ ನಕ್ಕ.

ಊಟ ಮುಗಿಸಿ, ಆ ಕಣದ ಎರಡು ಬೊಗಸೆ ಮಣ್ಣನ್ನು ಅದೇ ರುಮಾಲಿನಲ್ಲಿ ಕಟ್ಟಿಕೊಂಡು ಹೊಳೆ ದಾಟಿದಾಗ ಇನ್ನೂ ಬಿಸಿಲಿತ್ತು. ನಾಕಾದವನು ಗಂಟು ನೋಡಿ, ನಮ್ಮನ್ನೂ ನೋಡಿ, ಈ ಸಲ ನನ್ನನ್ನೇ ಕೇಳಿದ.

"ಕುಸ್ತಿ ಮುಗಿದೈತಿ ಅಂತ ನಾ ನಿನ್ನೆ ಸಂಜೀಕನ ನಿಮ್ಮ ತಂದಿಗೆ ಹೇಳಿದ್ನೆಲ್ರೀ. ಆದ್ರೂ ಹೋಗಿ ಬಂದ್ರಿ?"

ನಾನು ಅಪ್ಪನ ಕಡೆ ತಿರುಗಿದೆ. ಅವನು ನನ್ನ ಕಡೆ ನೋಡದೆ, ರುಮಾಲಿನ ಗಂಟನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದ.

"ಇವತ್ತೂ ಒಂದು ಕುಸ್ತಿ ಆತ್ರಿ," ಎಂದ. "ನನ್ನ ಮಗ ನೋಡ್ಯಾನ."