ಕಂದೀಲು ಒರೆಸಿದ ಹಾಳೆಗಳು

ನನ್ನ ಹಳೆಯ ದಿನಚರಿಯಲ್ಲಿ ಆ ದಿನದ ಬರಹ ಎರಡೇ ವಾಕ್ಯ. "ಅತ್ತೆ ಕಂದೀಲು ಒರೆಸಿದರು. ಪುಸ್ತಕ ಪೂರ್ತಿ ಉಳಿಯಲಿಲ್ಲ." ಅದೂ ಉರ್ದುವಿನಲ್ಲಿ. ಇದಕ್ಕಿಂತ ಹೆಚ್ಚಾಗಿ ನನಗೆ ನೆನಪಿದೆ ಅನ್ನಿಸುವುದರಲ್ಲಿ ಎಷ್ಟು ಅಂದಿನದು, ಎಷ್ಟು ನಾನು ಆಮೇಲೆ ಸೇರಿಸಿಕೊಂಡದ್ದು ಎಂದು ಹೇಳಲಾರೆ. ಆದರೂ ಬರೆಯುತ್ತೇನೆ. ಆ ಎರಡು ವಾಕ್ಯ ಓದಿದವರಿಗೆ ಏನೂ ತಿಳಿಯುವುದಿಲ್ಲ.

ನಾವಿದ್ದದ್ದು ಕಲಬುರಗಿಯ ಬ್ರಹ್ಮಪುರದಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. ನಿಜಾಮರ ರಾಜ್ಯದಲ್ಲಿ ಓದಬೇಕೆಂದರೆ ಹಾಗೆಯೇ ಓದಬೇಕಿತ್ತು. ಅಪ್ಪನಿಗೆ ಅದರ ಬಗ್ಗೆ ಬೇಸರವಿತ್ತು, ನನಗಿರಲಿಲ್ಲ. ಎದುರಿನ ಮುಸಲ್ಮಾನರ ಮನೆಯ ಗೆಳತಿ ನನ್ನ ತರಗತಿಯವಳೇ. ಅವಳ ಅತ್ತಿಗೆ ಹೈದರಾಬಾದಿನವರು. ತವರಿಗೆ ಹೋಗಿ ಬರುವಾಗಲೆಲ್ಲ ಟ್ರಂಕಿನಲ್ಲಿ, ಸೀರೆಗಳ ಕೆಳಗೆ, ಹೊಸ ಉರ್ದು ಕಾದಂಬರಿಗಳನ್ನು ತರುತ್ತಿದ್ದರು. ಅವುಗಳಲ್ಲಿ ರಾಜಕುಮಾರಿಯರಿರಲಿಲ್ಲ. ನಮ್ಮ ವಯಸ್ಸಿನ, ಟಾಂಗಾದಲ್ಲಿ ಶಾಲೆಗೆ ಹೋಗುವ, ಗಣಿತದಲ್ಲಿ ನಪಾಸಾಗುವ ಹುಡುಗಿಯರಿದ್ದರು. ಹುಡುಗಿಯ ಅಣ್ಣನ ಸ್ನೇಹಿತ ಒಬ್ಬ ಇರುತ್ತಿದ್ದ. ಅವನು ಓದಲು ಕೊಟ್ಟ ಪುಸ್ತಕದ ನಡುವೆ ಒಂದು ಚೀಟಿ ಇರುತ್ತಿತ್ತು. ಹುಡುಗಿ ಆ ಚೀಟಿಯನ್ನು ಅರ್ಧ ಪುಸ್ತಕದವರೆಗೆ ತೆರೆಯುತ್ತಿರಲಿಲ್ಲ.

ಅವರ ಮನೆಯ ಪರದೆಯ ಹಿಂದಿನ ಪಡಸಾಲೆಯಲ್ಲಿ ಒಂದೇ ಪುಸ್ತಕವನ್ನು ಇಬ್ಬರೂ ಹಿಡಿದು ಓದುತ್ತಿದ್ದೆವು. ಅವಳ ಓದು ಚುರುಕು. ಪುಟ ಮುಗಿಸಿ ನನಗಾಗಿ ಕಾಯುತ್ತಾ ಹಾಳೆಯ ಮೂಲೆಯನ್ನು ಬೆರಳಲ್ಲಿ ಸುರುಳಿ ಸುತ್ತುತ್ತಿದ್ದಳು. ನನ್ನ ಜೀವನದಲ್ಲಿ ಆಗ ಯಾವ ಹುಡುಗನೂ ಇರಲಿಲ್ಲ, ಅವಳ ಜೀವನದಲ್ಲೂ ಇರಲಿಲ್ಲ ಅಂದುಕೊಂಡಿದ್ದೇನೆ. ಪ್ರೀತಿ ಅನ್ನುವುದು ನಮಗೆ ಬಲದಿಂದ ಎಡಕ್ಕೆ ಓದಿಕೊಂಡು ಹೋಗುವ ಸಂಗತಿಯಾಗಿತ್ತು, ಅಷ್ಟೇ.

ಪೊಲೀಸ್ ಕಾರ್ಯಾಚರಣೆ ನಡೆದ ವರ್ಷದ ಬೇಸಿಗೆಯಲ್ಲಿ ಊರಿನ ಗದ್ದಲ ಹೆಚ್ಚಾಯಿತು. ಅಪ್ಪ ನನ್ನನ್ನು ಕಮಲಾಪುರಕ್ಕೆ, ತನ್ನ ಅಕ್ಕನ ಮನೆಗೆ ಕಳಿಸಿದ. ಹಳ್ಳಿಗಳಲ್ಲೂ ಭಯ ಕಡಿಮೆ ಇರಲಿಲ್ಲ. ಅಪ್ಪನ ಲೆಕ್ಕ ಏನಿತ್ತೋ ಗೊತ್ತಿಲ್ಲ, ಕೇಳಲಿಲ್ಲ. ಹೊರಡುವ ದಿನ ಗೆಳತಿ ಮುಕ್ಕಾಲು ಪಾಲು ಓದಿದ್ದ ಪುಸ್ತಕವನ್ನು ತಂದು ಕೈಗಿಟ್ಟಳು. "ಇಲ್ಲಿ ನನಗ ಓದಲಾಕ ಮನಸೇ ಆಗವಲ್ದು. ನೀ ಮುಗಿಸು. ಆ ಹುಡುಗಿ ಏನಂತಾಳ, ಬಂದು ನನಗ ಹೇಳು," ಅಂದಳು.

ಪುಸ್ತಕದ ಹುಡುಗಿ ಉತ್ತರ ಹೇಳಬೇಕಾಗಿದ್ದದ್ದು ಇದಕ್ಕೆ. ಹಿರಿಯರು ಅವಳನ್ನು ಸೋದರಮಾವನ ಮಗನಿಗೆ ಕೊಡುವುದೆಂದು ಗೊತ್ತು ಮಾಡಿದ್ದರು. ಅವಳಿಗೆ ಕಾಲೇಜಿಗೆ ಹೋಗಬೇಕಿತ್ತು, ಚೀಟಿಯ ಹುಡುಗನೂ ಇದ್ದ. ಕೊನೆಯ ಅಧ್ಯಾಯದಲ್ಲಿ ಎಲ್ಲರೂ ಕೂತು ಅವಳ ಬಾಯಿಂದ ಉತ್ತರ ಕೇಳುವವರಿದ್ದರು.

ಕಮಲಾಪುರಕ್ಕೆ ಹೋದ ಎಂಟು ದಿನಕ್ಕೆ ನನ್ನನ್ನೂ ಕೇಳಿದರು. ಅತ್ತೆಗೆ ಒಬ್ಬನೇ ಮಗ. ಕೆಂಪು ಬಾಳೆಯ ತೋಟ ನೋಡಿಕೊಳ್ಳುತ್ತಿದ್ದ. ಒಳ್ಳೆಯವನು, ಯಾರ ಮೇಲೂ ದನಿ ಏರಿಸಿದವನಲ್ಲ. ಅವನ ವಿರುದ್ಧ ನನ್ನ ಹತ್ತಿರ ಒಂದು ಮಾತೂ ಇರಲಿಲ್ಲ. ಅದೇ ತೊಂದರೆ. ನನಗೆ ಬೇಕಾಗಿದ್ದದ್ದು ಶಾಲೆ. ಮದುವೆಯಾದರೆ ಶಾಲೆ ಅಲ್ಲಿಗೆ ಮುಗಿಯಿತು.

"ನಿಮ್ಮಪ್ಪ ಹೂಂ ಅಂದಾನ, ನನ್ನ ಮಗ ಹೂಂ ಅಂದಾನ," ಅಂದರು ಅತ್ತೆ. "ಉಳದಾಕಿ ನೀ ಒಬ್ಬಾಕಿ."

ಪುಸ್ತಕ ತೊಡೆಯ ಮೇಲಿತ್ತು. "ಇದು ಮುಗಿದ ಮ್ಯಾಲ ಹೇಳ್ತೀನಿ ಅತ್ತಿ," ಅಂದೆ.

ಬೇರೆ ಮನೆಯಲ್ಲಾಗಿದ್ದರೆ ಬೈಸಿಕೊಳ್ಳುತ್ತಿದ್ದೆ. ಅತ್ತೆಯ ಮನೆಯಲ್ಲಿ ಪ್ರತಿ ಶ್ರಾವಣ ಪುರಾಣದ ಓದು ಹಚ್ಚುತ್ತಿದ್ದರು. ಹಚ್ಚಿದ ಪುರಾಣ ಮಂಗಲವಾಗುವವರೆಗೆ ಆ ಮನೆಯವರು ಯಾವ ಹೊಸ ಕೆಲಸಕ್ಕೂ ಕೈ ಹಾಕುತ್ತಿರಲಿಲ್ಲ, ನಡುವೆ ಪುಸ್ತಕ ಕಟ್ಟಿ ಇಡುತ್ತಿರಲಿಲ್ಲ. ಅತ್ತೆ ಸ್ವತಃ ಕನ್ನಡ ಅಕ್ಷರ ಕೂಡಿಸಿ ಕೂಡಿಸಿ ಓದುವವರು. ಯಾವ ಪುಸ್ತಕವಾದರೂ ಅವರಿಗೆ ಪುಸ್ತಕವೇ. "ಆಗಲಿ, ಮಂಗಲ ಆಗಲಿ," ಅಂದರು. ಮಗನಿಗೂ ಹಾಗೆಯೇ ಹೇಳಿದರಂತೆ. ಅವನು ಬಾಳೆಗೊನೆ ಇಳಿಸಿ, "ಭಾಳ ದಪ್ಪ ಇಲ್ಲಲ್ಲ ಪುಸ್ತಕ?" ಎಂದು ಕೇಳಿ ನಕ್ಕ.

ನಾನು ದಿನಕ್ಕೆ ಎರಡು ಪುಟ ಓದತೊಡಗಿದೆ, ಆಮೇಲೆ ಒಂದು. ಓದಿದ್ದನ್ನೇ ತಿರುಗಿ ಓದಿದೆ. ಓದಿದ ಜಾಗಕ್ಕೆ ಒಂದು ಕೆಂಪು ದಾರ ಇಡುತ್ತಿದ್ದೆ. ಉರ್ದು ಪುಸ್ತಕ ಬಲಗಡೆಯಿಂದ ತೆರೆಯುತ್ತದೆ. ಓದಿದ ಹಾಳೆಗಳು ಬಲಕ್ಕೆ ಸೇರುತ್ತವೆ, ಉಳಿದವು ಎಡಕ್ಕಿರುತ್ತವೆ. ಒಂದು ದಿನ ಅತ್ತೆ ಬಗ್ಗಿ ನೋಡಿದರು. ದಾರದ ಎಡಕ್ಕೆ ಹತ್ತೋ ಹನ್ನೆರಡೋ ಹಾಳೆ, ಬಲಕ್ಕೆ ದಪ್ಪ ಕಟ್ಟು. "ಅಯ್ಯ, ಇನ್ನೂ ಸುರುವಿನಾಗೇ ಇದ್ದೀಯಲ್ಲ," ಅಂದರು. "ಮನಿ ತುಂಬ ಮಂದಿ ಇದ್ದಾರ, ನೀ ಪುಸ್ತಕದಾಗಿನ ಮಂದಿ ಸಂಗಡ ಕುಂತೀದಿ. ಆದರೂ ಓದು ಸಾಗವಲ್ದು."

ಅವರು ತಪ್ಪು ತಿಳಿದರೆಂದು ನನಗೆ ಆ ಕ್ಷಣಕ್ಕೇ ಗೊತ್ತಾಯಿತು. ತಿದ್ದಲಿಲ್ಲ. ಇದನ್ನು ಮಾತ್ರ ನಾನು ಆಮೇಲೆ ಸೇರಿಸಿಕೊಂಡದ್ದಲ್ಲ. ತಿದ್ದದೆ ಇದ್ದದ್ದು ಚೆನ್ನಾಗಿ ನೆನಪಿದೆ.

ಶ್ರಾವಣ ಬಂತು. ದಾರಿಯ ಗದ್ದಲದಿಂದ ಊರಿಗೆ ಪೇಪರು ಬರುವುದು ನಿಂತಿತ್ತು. ಪುರಾಣ ಹಚ್ಚುವ ಮೊದಲು ಮನೆಯ ಕಂದೀಲುಗಳ ಗಾಜುಗಳನ್ನೆಲ್ಲ ಬೂದಿ ಹಾಕಿ ಕಾಗದದಿಂದ ಒರೆಸುವುದು ರೂಢಿ. ನಾನು ಬಾವಿಯಿಂದ ನೀರು ತಂದು ಒಳಗೆ ಬಂದಾಗ ಐದು ಗಾಜುಗಳು ಸಾಲಾಗಿ ಹೊಳೆಯುತ್ತಿದ್ದವು. ಪಕ್ಕದಲ್ಲಿ ನನ್ನ ಪುಸ್ತಕ, ಅದರೊಳಗೆ ಕೆಂಪು ದಾರ. ದಾರದ ಎಡಕ್ಕೆ ಏನೂ ಇರಲಿಲ್ಲ.

"ಓದಿದ್ದಷ್ಟೇ ಹರದೀನವ್ವ, ಅಂಜಬ್ಯಾಡ," ಅಂದರು ಅತ್ತೆ. "ಮುಂದಿನದು ಒಂದು ಹಾಳಿನೂ ಮುಟ್ಟಿಲ್ಲ."

ಅವರು ನಿಜವಾಗಿಯೂ ಜಾಗರೂಕತೆಯಿಂದ ಹರಿದಿದ್ದರು. ಹೊಲಿಗೆಗೆ ಪೆಟ್ಟಾಗಿರಲಿಲ್ಲ. ನಾನು ಹೂಂ ಅಂದೆ. ಬೂದಿಯ ಮೇಲೆ ಮುದ್ದೆಯಾಗಿ ಬಿದ್ದಿದ್ದ ಹಾಳೆಗಳನ್ನು ಒಂದೊಂದಾಗಿ ಬಿಡಿಸಿದೆ. ಎಲ್ಲ ಕರಿಹಿಡಿದಿದ್ದವು. ಒಂದರಲ್ಲಿ ಮಾತ್ರ ಅರ್ಧ ಸಾಲು ಓದಲು ಬಂತು, ಹುಡುಗಿ ತಲೆ ಎತ್ತಿ ಎನ್ನುವಲ್ಲಿಯವರೆಗೆ. ಅಳು ಬರಬಹುದೆಂದು ಸ್ವಲ್ಪ ಹೊತ್ತು ಕೂತೆ. ಬರಲಿಲ್ಲ. ಎದ್ದು ಕೈ ತೊಳೆದುಕೊಂಡೆ.

ಆಮೇಲೆ ಅತ್ತೆ ಕೇಳಿದಾಗಲೆಲ್ಲ "ಇನ್ನೂ ಮುಗಿದಿಲ್ಲ," ಅನ್ನುತ್ತಿದ್ದೆ. ಅದು ಸುಳ್ಳಲ್ಲ.

ಮಿಲಿಟರಿ ಬಂತು, ನಿಜಾಮರ ರಾಜ್ಯ ಮುಗಿಯಿತೆಂದು ಊರಲ್ಲಿ ಸಾರಿದರು. ಕೆಲವರು ಕುಣಿದರು. ಕೆಲವರ ಮನೆಗಳ ಬಾಗಿಲು ಬಹಳ ದಿನ ತೆರೆಯಲಿಲ್ಲ. ದೀಪಾವಳಿ ಕಳೆದ ಮೇಲೆ ಅಪ್ಪ ಬಂದು ನನ್ನನ್ನು ಬ್ರಹ್ಮಪುರಕ್ಕೆ ಕರೆದುಕೊಂಡು ಹೋದ. ಎದುರು ಮನೆಗೆ ಬೀಗವಿತ್ತು. ಬಾಗಿಲಿನ ಪರದೆ ಇರಲಿಲ್ಲ. ಹೈದರಾಬಾದಿಗೆ ಹೋದರು ಅಂದಳು ಅವ್ವ. ಯಾವಾಗ ಎಂದರೆ, ಮಿಲಿಟರಿ ಬಂದ ವಾರದಾಗ ಅಂದಳು. ಆ ವಾರ ಓಣಿಯಲ್ಲಿ ಏನು ನಡೆಯಿತೆಂದು ಅವ್ವ ಸಾಯುವವರೆಗೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳದೆ ಇರುವುದು ನನಗೆ ಅಷ್ಟು ಹೊತ್ತಿಗೆ ಅಭ್ಯಾಸವಾಗಿತ್ತು.

ಮರುವರ್ಷ ಗೆಳತಿಯಿಂದ ಒಂದು ಕಾರ್ಡು ಬಂತು. ತಾನು ಹೈದರಾಬಾದಿನಲ್ಲಿ ಕ್ಷೇಮ, ದೂರದ ಸಂಬಂಧಿಯೊಬ್ಬರ ಜೊತೆ ನಿಕಾಹ್ ಆಯಿತು, ಎಲ್ಲರೂ ಒಳ್ಳೆಯವರು. ಕೆಳಗೆ ಸಣ್ಣ ಅಕ್ಷರದಲ್ಲಿ, ಆ ಹುಡುಗಿ ಏನಂದಳು ಬರೆ, ಎಂದಿತ್ತು. ಮೂರು ವಾರ ಉತ್ತರ ಬರೆಯಲಿಲ್ಲ. ಅವಳು ಏನಂದಳೆಂದು ನನಗೇ ಗೊತ್ತಿರಲಿಲ್ಲ.

ಅಷ್ಟರಲ್ಲಿ ಅತ್ತೆ ಬಂದರು. ಒಂದು ಚಿಪ್ಪು ಕೆಂಪು ಬಾಳೆಹಣ್ಣು, ಕೈಚೀಲದಲ್ಲಿ ಮಡಿಚಿದ ಹಸಿರು ಕುಪ್ಪಸದ ಖಣ. ಖಣ ನನ್ನ ಉಡಿಗೆ ಬಿದ್ದರೆ ಮದುವೆ ಗಟ್ಟಿಯಾದಂತೆ. ಅಪ್ಪ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಅವ್ವ ಒಳಗೆ ಕಡಲೆ ಬಿಡಿಸುತ್ತಿದ್ದಳು. ಅತ್ತೆಯೂ ಕೂತು ಬಿಡಿಸತೊಡಗಿದರು.

"ಪುಸ್ತಕ ಮುಗೀತೇನವ್ವ?"

"ಮುಗೀತು ಅತ್ತಿ."

"ಏನಾತು ಕಡೀಕ?"

"ಮನಿ ಮಂದಿ ಎಲ್ಲಾ ಕೂಡಿ ಆಕೀನ ಕೇಳಿದ್ರು. ಆಕಿ ಒಲ್ಲೆ ಅಂದಳು. ಇನ್ನಾ ಓದ್ತೀನಿ ಅಂದಳು."

ಅವ್ವನ ಕೈ ನಿಂತಿತು. ಅತ್ತೆಯ ಕೈ ನಿಲ್ಲಲಿಲ್ಲ.

"ಸಿಟ್ಟಲೆ ಅಂದಳೇನು?"

"ಇಲ್ಲರಿ. ತಲಿ ಎತ್ತಿ ಅಂದಳು."

"ಮನಿ ಮಂದಿ ಏನಂದ್ರು?"

ಅದನ್ನು ನಾನು ಯೋಚಿಸಿರಲಿಲ್ಲ. "ಅದು ಪುಸ್ತಕದಾಗ ಇಲ್ಲರಿ," ಅಂದೆ.

"ಹಂಗಾದ್ರ ಅದನ್ನ ನಾವೇ ಹೇಳಬೇಕು," ಅಂದರು ಅತ್ತೆ. ಕಡಲೆ ಮುಗಿಯುವವರೆಗೆ ಕೂತು ಬಿಡಿಸಿದರು. ಆಮೇಲೆ ಹಣ್ಣುಗಳನ್ನು ಅವ್ವನ ಮುಂದಿಟ್ಟು, ಕೈಚೀಲವನ್ನು ತೆರೆಯದೆ ಬಗಲಿಗೇರಿಸಿಕೊಂಡು ಹೊರಟರು. ಕಟ್ಟೆಯ ಮೇಲಿದ್ದ ಅಪ್ಪನಿಗೆ, ಹುಡುಗಿ ಓದಲಿ, ನನ್ನ ಮಗನಿಗೆ ಬೇರೆ ಕಡೆ ನೋಡ್ತೀನಿ ಎಂದರಂತೆ. ಮರುದಿನ ಬೆಳಿಗ್ಗೆ ಅಪ್ಪ ನನಗೆ, ಶಾಲೆಗೆ ಹೊತ್ತಾಯಿತು ಎಂದ, ಅಷ್ಟೇ.

ಅದೇ ಉತ್ತರವನ್ನು ಗೆಳತಿಗೂ ಬರೆದೆ. ಒಲ್ಲೆ ಅಂದಳು, ತಲೆ ಎತ್ತಿ ಅಂದಳು. ಟಪಾಲಿಗೆ ಹಾಕಿ ಬಂದ ಮೇಲೆ, ಈಗಾಗಲೇ ಮದುವೆಯಾದವಳಿಗೆ ನಾನು ಎಂಥ ಕೊನೆಯನ್ನು ಕಳಿಸಿದೆ ಅನ್ನಿಸಿತು. ಅಥವಾ ಹಾಗನ್ನಿಸಿದ್ದು ಎಷ್ಟೋ ವರ್ಷಗಳ ನಂತರವೋ ಏನೋ. ಅವಳಿಂದ ಮತ್ತೆ ಕಾರ್ಡು ಬರಲಿಲ್ಲ.

ಮುಂದೆ ನಾನು ಓದಲು ಹೋದದ್ದು ಹೈದರಾಬಾದಿಗೇ. ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಇದ್ದೆ. ಅವಳ ಕಾರ್ಡು ಪೆಟ್ಟಿಗೆಯಲ್ಲಿತ್ತು, ಅದರಲ್ಲಿ ವಿಳಾಸ ಸ್ಪಷ್ಟವಾಗಿತ್ತು. ನಾನು ಕೂತ ಬಸ್ಸು ವಾರಕ್ಕೆರಡು ಸಲ ಅವಳ ಮೊಹಲ್ಲಾದ ಮುಂದೆಯೇ ಹಾದುಹೋಗುತ್ತಿತ್ತು. ನಾನು ಒಮ್ಮೆಯೂ ಇಳಿಯಲಿಲ್ಲ. ಆ ಪುಸ್ತಕದ ಇನ್ನೊಂದು ಪ್ರತಿ ಅವಳಿಗೆ ಸಿಕ್ಕಿರಬಹುದು, ಕೊನೆಯನ್ನು ಓದಿರಬಹುದು ಎಂಬ ಅಂಜಿಕೆ ಎಂದು ಆಗ ದಿನಚರಿಯಲ್ಲಿ ಬರೆದುಕೊಂಡಿದ್ದೇನೆ. ಅದು ನಿಜವಾದ ಕಾರಣ ಅಲ್ಲ ಎಂದು ಈಗ ಅನ್ನಿಸುತ್ತದೆ. ಇಳಿದಿದ್ದರೆ ಆ ವಾರ ಓಣಿಯಲ್ಲಿ ಏನಾಯಿತೆಂದು ಅವಳನ್ನು ಕೇಳಬೇಕಾಗುತ್ತಿತ್ತು. ನನ್ನ ಹತ್ತಿರ ಅವಳ ಪುಸ್ತಕ ಇತ್ತು, ಈಗಲೂ ಇದೆ. ಒಳಗಿನ ಕೆಂಪು ದಾರದ ಬಣ್ಣ ಪುಟಕ್ಕೆ ಹತ್ತಿದೆ.