ವಿಶ್ವಾಮಿತ್ರಿಯ ನೆರೆಯಲ್ಲಿ ಪಂಚಮಿ ಉಂಡಿ

ನೆರೆ ಬಂದರೆ ನೀರು ಎಷ್ಟು ಏರಿತು ಎಂದು ಕೇಳುವುದು ನಮ್ಮ ಕಡೆಯ ರೂಢಿ. ವಡೋದರಾದಲ್ಲಿ ಮೊಸಳೆ ಎಲ್ಲಿಯವರೆಗೆ ಬಂತು ಎಂದು ಕೇಳುತ್ತಾರೆ. ಊರ ನಡುವಿನ ವಿಶ್ವಾಮಿತ್ರಿ ನದಿಯಲ್ಲಿ ಮೊಸಳೆಗಳಿವೆ. ನದಿ ಉಕ್ಕಿದರೆ ಅವೂ ಬೀದಿಗೆ ಬರುತ್ತವೆ. ಈ ಮಳೆಗಾಲ ಅಂಥ ನೀರಿನ ನಡುವೆ ಟ್ರ್ಯಾಕ್ಟರ್ ಟ್ರಾಲಿಯಲ್ಲಿ ನಿಂತು ಊಟದ ಪೊಟ್ಟಣ ಹಂಚುತ್ತಿದ್ದವಳು ಧಾರವಾಡದ ನಾನು. ನನಗೆ ಈಜು ಬರುವುದಿಲ್ಲ.

ನನ್ನ ಗಂಡನಿಗೆ ವಿಮಾ ಕಚೇರಿಯಲ್ಲಿ ಕೆಲಸ, ವರ್ಗವಾಗಿ ಬಂದೆವು. ಮನೆ ಹುಡುಕುವಾಗ ಮಾಲೀಕರು ಹೆಸರು ಕೇಳುವ ಮೊದಲೇ ಮೊಟ್ಟೆ ತಿನ್ನುತ್ತೀರಾ ಎಂದು ಕೇಳಿದರು. ಸಿಟ್ಟು ಬಂತು. ಧಾರವಾಡದಲ್ಲಿ ನಾವೂ ಹೊಸಬರನ್ನು ಯಾರ ಪೈಕಿ ಎಂದು ಕೆದಕುತ್ತೇವಲ್ಲ ಎಂದು ನೆನಪಾಗಿ ನುಂಗಿಕೊಂಡೆ. ಬೇಳೆಯಲ್ಲೂ ಬೆಲ್ಲ, ಮಾತಾಡಲು ಒಬ್ಬರಿಲ್ಲ. ಎಷ್ಟೋ ಮಧ್ಯಾಹ್ನ ಸುಮ್ಮನೆ ಕೂತು ಅತ್ತಿದ್ದೇನೆ.

ನನ್ನನ್ನು ಎಬ್ಬಿಸಿ ಸೇವಾ ಕ್ಲಬ್ಬಿಗೆ ಕರೆದೊಯ್ದವರು ಕುಮುದ್‌ಬೆನ್, ನಿವೃತ್ತ ಶಿಕ್ಷಕಿ. ಇಲ್ಲಿ ಹೆಂಗಸರೆಲ್ಲ ಬೆನ್, ಅಂದರೆ ಅಕ್ಕ-ತಂಗಿ. ನಾನು ಸುಧಾಬೆನ್ ಆದೆ. ಕ್ಲಬ್ಬಿನ ಸಭೆ ಶುರುವಾಗುವುದೇ ಸದಸ್ಯರ ಸುದ್ದಿಯಿಂದ. ಯಾರಿಗೆ ಮೊಮ್ಮಗು, ಯಾರು ಕಣ್ಣಿನ ಪೊರೆ ತೆಗೆಸಿದರು, ಎಲ್ಲವನ್ನೂ ಓದಬೇಕು, ಒಂದೊಂದಕ್ಕೂ ಸಭೆ ಚಪ್ಪಾಳೆ ತಟ್ಟುತ್ತದೆ. ಭಾಷೆ ಬರಲಿ ಎಂದು ಆ ಕೆಲಸವನ್ನು ಕುಮುದ್‌ಬೆನ್ ನನಗೇ ಹಚ್ಚಿದರು. ಗುಜರಾತಿಯನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಓದುತ್ತಿದ್ದೆ. ಊರಿಗೆ ವರ್ಗ ಕೇಳಿದ್ದೇವೆ ಎಂಬ ನಮ್ಮ ಸುದ್ದಿಯನ್ನು ಮಾತ್ರ ಯಾವ ಸಭೆಯಲ್ಲೂ ಹೇಳಿರಲಿಲ್ಲ.

ಮಳೆಗಾಲದ ಮೊದಲ ಸಭೆಯಲ್ಲಿ, ಕುಮುದ್‌ಬೆನ್ ಈ ಚಾತುರ್ಮಾಸ ಪೂರ್ತಿ ಚೋವಿಹಾರ್ ಹಿಡಿದಿದ್ದಾರೆ ಎಂದು ಓದಿದ್ದೆ. ಜೈನರ ವ್ರತ ಅದು. ಸೂರ್ಯ ಮುಳುಗಿದ ಮೇಲೆ ಹನಿ ನೀರೂ ಇಲ್ಲ.

ನೆರೆಯ ದಿನ ಮಧ್ಯಾಹ್ನ, ಕ್ಲಬ್ಬಿನ ಊಟದ ಟ್ರ್ಯಾಕ್ಟರ್ ಮೇಲೆ ನಾನಿದ್ದಾಗ, ಅವರದೇ ಫೋನು ಬಂತು. ಕೆಳಗಿನ ಅಡುಗೆಮನೆ ನೀರಿನಲ್ಲಿ ಮುಳುಗಿದೆ, ಮಹಡಿಯ ಮೇಲೆ ಒಬ್ಬರೇ ಇದ್ದಾರೆ. ನಮ್ಮ ಟ್ರ್ಯಾಕ್ಟರ್ ಈಗ ಬರುತ್ತದೆ ಎಂದು ನಂಬಿ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ತೆಗೆದುಕೊಂಡುಬಿಟ್ಟಿದ್ದರು. ಅದಾದ ಮೇಲೆ ಉಣ್ಣದಿದ್ದರೆ ಸಕ್ಕರೆ ಕುಸಿದು ಜೀವಕ್ಕೇ ಅಪಾಯ. "ಕೈ ನಡುಗುತ್ತಿದೆ, ಬೇಟಾ" ಎಂದರು. ಅಷ್ಟರಲ್ಲಿ ಫೋನು ಸತ್ತಿತು.

ಟ್ರ್ಯಾಕ್ಟರ್ ಅವರ ಗಲ್ಲಿ ಮುಟ್ಟುವಷ್ಟರಲ್ಲಿ ಬಿಸಿಲು ತಾರಸಿಗಳ ತುದಿಗೆ ಏರಿತ್ತು. ನನ್ನ ಗಂಡ ಮತ್ತೆ ಫೋನು ಮಾಡಿದರು.

"ಸುಧಾ, ನೀರು ಇನ್ನೂ ಏರ್ಲಿಕ್ಕತ್ತದ. ಸುಮ್ನ ಮನಿಗೆ ಬಾ."

"ಕುಮುದ್‌ಬೆನ್ ಉಂಡಿಲ್ಲರೀ. ಅವ್ರು ಉಂಡಮ್ಯಾಲೆ ಬರ್ತೀನಿ."

ಕೂಗಿದೆವು. ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಬಾಲ್ಕನಿಯ ಕಂಬಿ ಹಿಡಿದು ಅವರು ಕಾಣಿಸಿಕೊಂಡರು. ದಿನಾ ತರಕಾರಿಗೆ ಇಳಿಸುವ ಹಗ್ಗದ ಚೀಲ ಇಳಿಸಿದರು, ಹಗ್ಗವೇ ನಡುಗುತ್ತಿತ್ತು. ಪೊಟ್ಟಣ ಎತ್ತಿಕೊಂಡವಳು ಹಾಗೇ ನಿಂತೆ. ಅದಕ್ಕೆ ಬಿಳಿ ದಾರ, ಒಳಗೆ ಆಲೂಗಡ್ಡೆ ಪಲ್ಯ. ಜೈನರಿಗೆಂದು ಹಸಿರು ದಾರ ಕಟ್ಟಿದ ಪೊಟ್ಟಣಗಳನ್ನು ಹಿಂದಿನ ಗಲ್ಲಿಗಳಲ್ಲಿ ದಾರ ನೋಡದೆ ಕೈಗೆ ಸಿಕ್ಕವರಿಗೆ ಕೊಟ್ಟು ಖಾಲಿ ಮಾಡಿದ್ದವಳು ನಾನೇ. ಈ ಊರಲ್ಲಿ ಹುಟ್ಟಿದ ಯಾರೂ ಹಾಗೆ ಮಾಡುತ್ತಿರಲಿಲ್ಲ.

"ಇವತ್ತೊಂದು ದಿನ ತಿನ್ನಿ, ದೇವರು ಕ್ಷಮಿಸುತ್ತಾನೆ" ಎಂದು ಕ್ಲಬ್ಬಿನ ಕಾರ್ಯದರ್ಶಿ ಜಿಗ್ನೇಶ್‌ಭಾಯ್ ಬೇಡಿಕೊಂಡರು.

"ನೆಲದೊಳಗೆ ಬೆಳೆದದ್ದು ಬೇಡ, ಭಾಯ್" ಎಂದು ಕುಮುದ್‌ಬೆನ್ ಕಂಬಿಗೆ ಹಣೆ ಆನಿಸಿದರು.

ಆಗ ಹೆಗಲಿನ ಚೀಲ ನೆನಪಾಯಿತು. ಅವ್ವ ನಾಗರಪಂಚಮಿಗೆಂದು ಕಳಿಸಿದ್ದ ಬೇಸನ್ ಉಂಡಿಯ ಡಬ್ಬಿ ಅದರಲ್ಲಿತ್ತು. ಟ್ರ್ಯಾಕ್ಟರ್ ಮೇಲೆ ಎಲ್ಲರೂ ತಿನ್ನಲೆಂದು ಬೆಳಿಗ್ಗೆ ಹಾಕಿಕೊಂಡಿದ್ದೆ, ಮುಟ್ಟಲು ಪುರುಸೊತ್ತು ಆಗಿರಲಿಲ್ಲ.

"ಕಡಲೆಹಿಟ್ಟು, ತುಪ್ಪ, ಸಕ್ಕರೆ. ಬೇರೇನೂ ಇಲ್ಲ. ನಮ್ಮವ್ವ ಮಾಡಿದ್ದು" ಎಂದು ಕೂಗಿದೆ.

ಅವರು ಪಡುವಣದ ಕಡೆ ನೋಡಿದರು. ಸೂರ್ಯ ಇನ್ನೂ ಪೂರ್ತಿ ಇಳಿದಿರಲಿಲ್ಲ. ಡಬ್ಬಿ ಮೇಲೆ ಹೋಯಿತು. ಮೊದಲ ಉಂಡಿ ಕೈಯಿಂದ ಜಾರಿ ನೀರಿಗೆ ಬಿತ್ತು. ಎರಡನೆಯದನ್ನು ಅವರು ಎರಡೂ ಕೈಯಲ್ಲಿ ಹಿಡಿದು ತಿಂದರು. ಸ್ವಲ್ಪ ಹೊತ್ತಿನಲ್ಲಿ ಅವರು ನೆಟ್ಟಗೆ ನಿಂತು, ಕೆಳಗೆ ಬಾಗಿ ಹೇಳಿದರು:

"ನಿಮ್ಮವ್ವನಿಗೆ ಹೇಳು, ಮುಂದಿನ ಪಂಚಮಿಗೂ ಕಳಿಸಲಿ. ನೀನೇ ತಂದುಕೊಡಬೇಕು."

ತರುತ್ತೇನೆ ಎಂದೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಮುಂದಿನ ಸಭೆಯ ಹೊತ್ತಿಗೆ ವರ್ಗದ ಆದೇಶ ಬಂದಿತ್ತು. ಬಂದ ದಿನದಿಂದ ನಾನು ಹಾತೊರೆದದ್ದು ಇದಕ್ಕೇ. ಎಲ್ಲರ ಸುದ್ದಿ ಓದಿದೆ. ನೀರು ಇಳಿದ ಮೇಲೆ ಆಸ್ಪತ್ರೆ ಸೇರಿದ್ದ ಕುಮುದ್‌ಬೆನ್ ಮನೆಗೆ ಬಂದದ್ದಕ್ಕೆ ದೊಡ್ಡ ಚಪ್ಪಾಳೆ ಬಿತ್ತು. ಕೊನೆಗೆ ಬರೆದುಕೊಳ್ಳದೆಯೇ ಹೇಳಿದೆ: "ಸುಧಾಬೆನ್ ಮನೆಯವರಿಗೆ ಧಾರವಾಡಕ್ಕೆ ಬದಲಿ ಆಗಿದೆ."

ಹುಟ್ಟೂರಿಗೆ ಹೋಗುವುದು ಯಾರಿಗಾದರೂ ಸಂತೋಷದ ಸುದ್ದಿಯೇ. ಜಿಗ್ನೇಶ್‌ಭಾಯ್ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಸಭೆಯೂ ಎದ್ದು ತಟ್ಟಿತು. ಮುಂದಿನ ಸಾಲಿನಲ್ಲಿ ಕುಮುದ್‌ಬೆನ್ ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡು ನನ್ನನ್ನು ನೋಡುತ್ತಿದ್ದರು. ನಾನೂ ತಟ್ಟಲಿಲ್ಲ.