ರಾಮಣ್ಣನ ಹೋಟೆಲಿನ ಮಾಲಕ ಮುರಗೆಪ್ಪ

ಅಥಣಿಯ ಮುರಗೆಪ್ಪನಿಗೆ ಐನಾಪುರದ ಕಡೆ ದ್ರಾಕ್ಷಿ ತೋಟವಿತ್ತು, ಕಬ್ಬಿತ್ತು, ಮಿರಜ ರಸ್ತೆಯ ಮೇಲೆ ಒಂದು ಮಳಿಗೆಯಿತ್ತು. ಇಲ್ಲದ್ದು ಕೆಲಸ ಮಾತ್ರ. ತೋಟ ನೋಡಿಕೊಳ್ಳಲು ಆಳುಗಳಿದ್ದರು, ಮನೆ ನೋಡಿಕೊಳ್ಳಲು ಹೆಂಡತಿ ಚನ್ನವ್ವ ಇದ್ದಳು. ಹೀಗಾಗಿ ಊರನ್ನು ನೋಡಿಕೊಳ್ಳುವ ಹೊಣೆಯನ್ನು ಅವನು ತಾನೇ ಹೊತ್ತುಕೊಂಡಿದ್ದ. ಯಾರ ಮಗ ಯಾರ ಗಾಡಿ ಹತ್ತಿದ, ಯಾವ ಹುಡುಗಿಯ ಸೋಯರಿಕೆ ಎಲ್ಲಿ ಮುರಿಯಿತು, ಯಾವ ಅಣ್ಣತಮ್ಮಂದಿರು ಮಾತು ಬಿಟ್ಟರು, ಎಲ್ಲವೂ ಅವನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು.

ಆ ಮಳಿಗೆಯನ್ನು ನಿಪ್ಪಾಣಿಯ ರೂಪೇಶ ಬಾಡಿಗೆಗೆ ಕೇಳಿದ. ಪುಣೆಯ ಹೋಟೆಲೊಂದರಲ್ಲಿ ಅಡಿಗೆ ಕಲಿತು ಬಂದಿದ್ದ ಹುಡುಗ.

"ಏನ್ ಮಾರ್ತೀಯಪಾ?"

"ಬರ್ಗರ್ ಮತ್ತ ರಾಮೆನ್ ಕಾಕಾ."

"ಬರ್ಗರ್ ಗೊತ್ತೈತಿ, ವಡಾಪಾವ್‌ನ ಶ್ರೀಮಂತ ಬೀಗ. ಈ ರಾಮಣ್ಣ ಯಾಂವ?"

"ರಾಮಣ್ಣ ಅಲ್ರಿ, ರಾಮೆನ್. ಜಪಾನದ ಶಾವಿಗಿ. ಬಿಸಿ ಸಾರಿನಾಗ ಹಾಕಿ ಕೊಡೂದು."

"ಶಾವಿಗಿ ಸಾರಿನಾಗ ಮುಳಗಸಾಕ ಜಪಾನ ತನಕ ಹೋಗಬೇಕೇನಲೇ?" ಎಂದು ನಕ್ಕ ಮುರಗೆಪ್ಪ, ತತ್ತಿ ಮಾಂಸ ನಡೆಯುವುದಿಲ್ಲ ಎಂದು ಕರಾರು ಹಾಕಿ ಕೀಲಿ ಕೊಟ್ಟ.

ಬೋರ್ಡಿನ ಮೇಲೆ ಏನೇ ಬರೆದಿರಲಿ, ಊರಿನ ಬಾಯಲ್ಲಿ ಅದು ರಾಮಣ್ಣನ ಹೋಟೆಲೇ ಆಯಿತು. ಒಳಗೆ ಏಸಿ, ಮಬ್ಬು ದೀಪ, ಗೋಡೆಗೆ ಬಣ್ಣದ ಬೀಸಣಿಕೆಗಳು. ಕಾಗವಾಡ, ಐನಾಪುರ, ರಾಯಬಾಗದ ಹುಡುಗ ಹುಡುಗಿಯರು ಬಂದು ಬಟ್ಟಲಿನ ಫೋಟೋವನ್ನು ಮೇಲಿಂದ ಒಮ್ಮೆ, ಪಕ್ಕದಿಂದ ಒಮ್ಮೆ ಹಿಡಿಯುವಷ್ಟರಲ್ಲಿ ಸಾರು ತಣ್ಣಗಾಗುತ್ತಿತ್ತು. ಜೈನ ವ್ಯಾಪಾರಿಗಳ ಮಕ್ಕಳಿಗೆ ಉಳ್ಳಾಗಡ್ಡಿ ಬೆಳ್ಳುಳ್ಳಿ ಎರಡೂ ಬಿಟ್ಟು ಬೇರೆ ರಾಮೆನ್ ಸಿಗುತ್ತಿತ್ತು. ಅದರಲ್ಲಿ ಉಳಿಯುತ್ತಿದ್ದುದು ಶಾವಿಗೆ, ಬಿಸಿನೀರು ಮತ್ತು ಪ್ರತಿಷ್ಠೆ. ತಿಂದು ಹೊರಬಿದ್ದವರು ಎದುರಿನ ಗಾಡಿಯಲ್ಲಿ ಮೆಣಸಿನಕಾಯಿ ಕಡಿಯುತ್ತ ವಡಾಪಾವ್ ತಿಂದು ಹೊಟ್ಟೆ ತುಂಬಿಸಿಕೊಂಡು ಊರಿಗೆ ಹೋಗುತ್ತಿದ್ದರು.

ರಾಮೆನ್ ಒಂದು ನೆಪ. ಅಪ್ಪ, ಕಾಕಾ, ಮಾಮಾ ಯಾರ ಕಣ್ಣಿಗೂ ಬೀಳದೆ ಕೂರಲು ತಾಲೂಕಿನಲ್ಲಿ ಬೇರೆ ಜಾಗ ಇರಲಿಲ್ಲ. ಒಂದು ಬರ್ಗರ್ ಮುಂದಿಟ್ಟುಕೊಂಡು ಇಬ್ಬರು ಸಂಜೆ ಕಳೆದರೂ ರೂಪೇಶ ಚಕಾರ ಎತ್ತುತ್ತಿರಲಿಲ್ಲ.

ಅಂಥ ಜಾಗದಲ್ಲಿ ಮುರಗೆಪ್ಪ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಗಲ್ಲಾಪೆಟ್ಟಿಗೆಯ ಪಕ್ಕ ಕೂರತೊಡಗಿದ. ಮನೆಯಲ್ಲಿ ಸೆಕೆ, ಇಲ್ಲಿ ತಂಪು. ಮೇಲಾಗಿ ನೋಡಲು ಬೇಕಾದಷ್ಟು ಮುಖಗಳು.

"ಅವ್ವಿ, ನೀ ಕಾಗವಾಡದ ಜಕ್ಕಪ್ಪನ ಮಗಳಲ್ಲ?" ಎಂದು ಒಂದು ದಿನ ಮೂಲೆಯ ಮೇಜಿನತ್ತ ಕೂಗಿದ.

ಕೋಮಲ ಎಂಬ ಆ ಹುಡುಗಿ ಬೆಚ್ಚಿದಳು. "ಅಲ್ರಿ."

"ಹೌದ ತಗೋ, ಮೂಗ ಅವನದ ಐತಿ. ಅಪ್ಪ ಆರಾಮದಾನಿಲ್ಲ? ಸಂತ್ಯಾಗ ಭೆಟ್ಟಿ ಆದ್ರ ಹೇಳ್ತೀನಿ, ನಿನ್ನ ಮಗಳು ನಮ್ಮ ಹೋಟೆಲಕ್ಕ ಬಂದಿದ್ಲು, ಸಂಗಾಟ ಒಬ್ಬ ಚಲೋ ಹುಡುಗನೂ ಇದ್ದ ಅಂತ."

ಅವಳು ಹಿಡಿದಿದ್ದ ಊಟದ ಕಡ್ಡಿಗಳ ನಡುವಿನ ಶಾವಿಗೆ ಜಾರಿ ಬಟ್ಟಲಿಗೆ ಬಿತ್ತು. ಇಬ್ಬರೂ ಅರ್ಧಕ್ಕೇ ಎದ್ದು ಹೋದರು. ಮುರಗೆಪ್ಪ ಉಳಿದ ಬಟ್ಟಲು ನೋಡಿ ಮರುಗಿದ: "ಈಗಿನ ಹುಡುಗರಿಗಿ ಅನ್ನದ ಕಿಮ್ಮತ್ತ ಇಲ್ಲ ನೋಡ."

ಉಳಿದವರಿಗೆ ಉಪದೇಶವೂ ಆಗುತ್ತಿತ್ತು. "ನಮ್ಮನಿಯಾಕಿನ ನೋಡ್ರಿ. ಮನಿ ಬಿಟ್ಟ ಹೊರಗ ಒಂದ ಗುಟಕ ಚಾ ಮುಟ್ಟಂಗಿಲ್ಲ. ಗುರುವಾರ ಬಂತಂದ್ರ ಮಠದಾಗ ಭಜನಿ. ಸಂಸ್ಕಾರ ಅಂತಾರ ಇದಕ್ಕ." ಈ ಮಾತು ಬಂದಾಗಲೆಲ್ಲ ರೂಪೇಶ ಕೆಮ್ಮುತ್ತ ಅಡಿಗೆಮನೆಗೆ ಹೋಗುತ್ತಿದ್ದ.

ಗಿರಾಕಿ ಕರಗುತ್ತ ಬಂತು. "ಕಾಕಾ, ಮನ್ಯಾಗ ಆರಾಮ ಕುಂದರ್ರಿ," ಎಂದು ರೂಪೇಶ ಕೈ ಮುಗಿದ. "ನನ್ನ ಜಾಗಾದಾಗ ಕುಂದರಾಕ ನಿನ್ನ ಕೇಳಬೇಕೇನಲೇ?" ಎಂದ ಮುರಗೆಪ್ಪ. ಹೋಟೆಲು ತುಂಬುತ್ತಿದ್ದುದು ಗುರುವಾರ ಮಾತ್ರ, ಅವನು ತೋಟಕ್ಕೆ ಹೋಗುವ ದಿನ.

ಅಂಥದೊಂದು ಗುರುವಾರ ತೋಟದ ಮೋಟರು ಸುಟ್ಟಿತು. ಅದನ್ನು ಟೆಂಪೋದಲ್ಲಿ ಹಾಕಿಸಿ ಅಥಣಿಗೆ ತಂದು ವೈಂಡಿಂಗ್‌ಗೆ ಕೊಟ್ಟ ಮುರಗೆಪ್ಪ, ಅದು ಸಿದ್ಧವಾಗುವವರೆಗೆ ತಂಪಿನಲ್ಲಿ ಕೂತರಾಯಿತೆಂದು ಹೋಟೆಲಿನ ಬಾಗಿಲು ತಳ್ಳಿದ.

ಒಳಗೆ ಹೆಂಗಸರ ನಗೆ. ಉದ್ದ ಮೇಜಿನ ಸುತ್ತ ಒಟ್ಟಿಗೆ ಚೀಟಿ ಹಾಕುವ ಭಿಶಿಯ ಗೆಳತಿಯರು ಕೂತಿದ್ದರು. ಬಟ್ಟೆ ಅಂಗಡಿಯ ತ್ರಿಶಲಾ ಎರಡೂ ಕೈಯಲ್ಲಿ ಬರ್ಗರ್ ಹಿಡಿದಿದ್ದಳು. ನಡುವೆ ಚನ್ನವ್ವ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಟ್ಟಲಿನ ಮೇಲೆ ಬಾಗಿ, ಕಡ್ಡಿಯಿಂದ ಶಾವಿಗೆ ಎತ್ತಿ ಸುರ್ರೆಂದು ಎಳೆಯುತ್ತಿದ್ದಳು. ಅದು ಪಳಗಿದ ಕೈ.

ನಗೆ ನಿಂತಿತು. ಚನ್ನವ್ವ ಮಾತ್ರ ತುಟಿಯಿಂದ ಜೋತುಬಿದ್ದಿದ್ದ ಎಳೆಯನ್ನು ಅವಸರವಿಲ್ಲದೆ ಒಳಗೆಳೆದುಕೊಂಡು ಬಾಯಿ ಒರೆಸಿಕೊಂಡಳು.

"ಏನ ನಡಸೀದಿ ಇದು? ಭಜನಿ ಎಲ್ಲೈತಿ?"

"ಮಠದಾಗ ಭಜನಿ ನಿಂತ ವರ್ಷ ಆತ್ರಿ. ಊರ ಸುದ್ದಿ ಎಲ್ಲಾ ಗೊತ್ತಿರೂ ನಿಮಗ ಇದ ಗೊತ್ತಿಲ್ಲೇನು?"

ತ್ರಿಶಲಾ ಬರ್ಗರಿನ ಹಿಂದೆ ಮುಖ ಮುಚ್ಚಿಕೊಂಡಳು. ಮುರಗೆಪ್ಪನ ಕಿವಿ ಕೆಂಪಾದವು. "ಮನ್ಯಾಗ ತಿನ್ನಾಕ ಏನ ಕಡಿಮಿ ಆಗೈತಿ ನಿನಗ?"

"ತಿನ್ನಾಕ ಕಡಿಮಿ ಇಲ್ರಿ, ಕುಂದರಾಕ ಕಡಿಮಿ ಐತಿ," ಎಂದಳು ಚನ್ನವ್ವ. "ನಿಮ್ಮನಿ ಹೊಸ್ತಿಲಾ ದಾಟಿ ಬಂದಾಗಿಂದ ಎಲ್ಲಾರಿಗೂ ನೀಡಿ, ಆರಿದ್ದ ಉಂಡೀನಿ. ಇಲ್ಲಿ ಕುಂತಲ್ಲೆ ಬಿಸಿಬಿಸಿ ತಂದ ಇಡ್ತಾರ, ಇನ್ನೇನ ಬೇಕ್ರಿ ಕಾಕು ಅಂತ ಕೇಳ್ತಾರ. ನೀವ ಒಮ್ಮಿಯಾರ ಕೇಳೀರೇನು?"

ಮೂಲೆಯ ಮೇಜಿನಿಂದ ಕೋಮಲಳ ದನಿ ಬಂತು, ಬಹಳ ಮೆತ್ತಗೆ: "ಕಾಕಾ, ಈ ಕಾಕು ಯಾರ ಮನಿಯಾವ್ರು?"

ಹೋಟೆಲಿಗೆ ಹೋಟೆಲೇ ನಕ್ಕಿತು. "ಬರ್ರಿ ಅಣ್ಣಾರ, ನಿಮಗೂ ಒಂದ ಬಟ್ಟಲ ಹೇಳೂಣು," ಎಂದು ತ್ರಿಶಲಾ ಕರೆದಳು. ಮುರಗೆಪ್ಪ "ಮೋಟರ ನೋಡಬೇಕು" ಎಂದು ಏನೋ ಗೊಣಗುತ್ತ, ಎಳೆಯಬೇಕಾದ ಬಾಗಿಲನ್ನು ಎರಡು ಸಲ ತಳ್ಳಿ, ಕೊನೆಗೆ ಎಳೆದು, ಅಂತೂ ಹೊರಬಿದ್ದ.

ಆ ಸಂಜೆ ಊಟ ಬೇಡವೆಂದು ಸಿಟ್ಟು ಮಾಡಿದ. ಚನ್ನವ್ವ ಒತ್ತಾಯ ಮಾಡಲಿಲ್ಲ. ಬುಟ್ಟಿಯಲ್ಲಿ ರೊಟ್ಟಿ ಮುಚ್ಚಿಟ್ಟು ಟೀವಿ ಮುಂದೆ ಕೂತಳು. ಹಸಿವೆ ತಡೆಯದೆ ಅವನು ಅಡಿಗೆಮನೆಗೆ ಹೋದ. ಅಥಣಿಯ ಪ್ರತಿ ಮನೆಯ ಒಳಗುಟ್ಟು ಬಲ್ಲವನಿಗೆ ತನ್ನ ಮನೆಯ ಶೇಂಗಾ ಚಟ್ನಿಯ ಡಬ್ಬಿ ಸಿಗಲಿಲ್ಲ. ಒಣ ರೊಟ್ಟಿ ತಿಂದು ನೀರು ಕುಡಿದ.

ವಾರದೊಳಗೆ ಸುದ್ದಿ ಚಿಕ್ಕೋಡಿ ದಾಟಿತು. ಸಂತೆಯಲ್ಲಿ ಜಕ್ಕಪ್ಪನೇ ಎದುರಾಗಿ, "ಭಜನಿ ಹೆಂಗ ನಡದೈತ್ರಿ ಮಾಲಕರ?" ಎಂದು ಕೇಳಿದ. ಹೋಟೆಲು ಖಾಲಿ ಮಾಡಿಸುತ್ತೇನೆಂದು ಮುರಗೆಪ್ಪ ಎರಡು ಸಲ ಹಾರಾಡಿದ. "ಮಾಡಸ್ರಿ, ನಾವು ಮಿರಜಕ್ಕ ಹೋಗ್ತೀವಿ," ಎಂದಳು ಚನ್ನವ್ವ. ಹಾರಾಟ ನಿಂತಿತು. ಗಲ್ಲಾಪೆಟ್ಟಿಗೆಯ ಪಕ್ಕ ಕೂರುವುದೂ ನಿಂತಿತು.

ಶ್ರಾವಣ ಕಳೆದ ಮೇಲೆ ಒಂದು ದಿನ ಅವನೇ ಮೆಲ್ಲಗೆ ಕೇಳಿದ: "ಈ ಗುರುವಾರ ನಾನೂ ಬರಲೇನು?"

"ಬ್ಯಾಡ್ರಿ," ಎಂದಳು ಚನ್ನವ್ವ. "ನೀವ ಬಂದ್ರ ಹೆಣ್ಮಕ್ಕಳು ಮಾತಾಡಂಗಿಲ್ಲ. ಬುಧವಾರ ಹೋಗ್ರಿ."

ಈಗ ಬುಧವಾರ ಹೋಗುತ್ತಾನೆ, ಒಬ್ಬನೇ. ಗೋಡೆಗೆ ಮುಖ ಮಾಡಿ ಕೂತು, ಬರ್ಗರನ್ನು ಚಮಚದಿಂದ ತುಂಡು ಮಾಡಿ ತಿನ್ನುತ್ತಾನೆ. ಹಿಂದಿನ ಮೇಜಿಗೆ ಯಾರೇ ಬಂದರೂ ತಿರುಗಿ ನೋಡುವುದಿಲ್ಲ. ಉಪ್ಪು ಕಡಿಮೆಯಾಗಿದ್ದರೆ ಎದ್ದು ಹೋಗಿ ತಾನೇ ತಂದುಕೊಳ್ಳುತ್ತಾನೆ.